ಊರು ಮುಳುಗಿತು, ಹೆಸರು ತೇಲಿತು

ಸರ್ಕಾರಿ ದಾಖಲೆಯಲ್ಲಿ ಅದು ಕೃಷ್ಣರಾಜಸಾಗರ. ಪ್ರವಾಸಿಗರ ಬಾಯಲ್ಲಿ ಕೆ.ಆರ್.ಎಸ್. ಆದರೆ ಮಂಡ್ಯ ಸೀಮೆಯ ರೈತರು ಮುಂಗಾರಿನಲ್ಲಿ ವಿಚಾರಿಸುವುದು ‘ಕನ್ನಂಬಾಡಿ ಕಟ್ಟೆ ತುಂಬಿತೇ?’ ಎಂದೇ. ಕನ್ನಂಬಾಡಿ ಒಂದು ಊರಾಗಿತ್ತು, ಆ ಊರನ್ನು ನುಂಗಿದ್ದು ಇದೇ ಕಟ್ಟೆಯ ನೀರು ಎಂಬುದು ಇಂದು ಎಷ್ಟು ಜನರಿಗೆ ನೆನಪಿದ್ದೀತು?

ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಎಂ. ವಿಶ್ವೇಶ್ವರಯ್ಯ ಮುಖ್ಯ ಎಂಜಿನಿಯರು. ಮದರಾಸು ಸರ್ಕಾರ ತೆಗೆದ ತಕರಾರು 1924ರ ಒಪ್ಪಂದದವರೆಗೂ ಎಳೆಯಿತು. 1930ರ ದಶಕದ ಆರಂಭಕ್ಕೆ ಕಟ್ಟೆ ಪೂರ್ಣಗೊಂಡಿತು. ಹೇಮಾವತಿ, ಲಕ್ಷ್ಮಣತೀರ್ಥಗಳೂ ಬಂದು ಸೇರುವ ಆ ಜಲರಾಶಿಯಡಿ ಹಳೆಯ ಊರು ಮರೆಯಾಯಿತು. ಜನ ಇಂದಿನ ಪಾಂಡವಪುರ ತಾಲ್ಲೂಕಿನ ಹೊಸಕನ್ನಂಬಾಡಿಗೆ ಬಂದು ನೆಲೆಸಿದರು. ಹೊಯ್ಸಳ ಶೈಲಿಯ ವೇಣುಗೋಪಾಲಸ್ವಾಮಿ ದೇವಾಲಯದ ಕಲ್ಲುಕಟ್ಟಡ ಮಾತ್ರ ನೀರೊಳಗೇ ನಿಂತಿತು.

ಕಟ್ಟೆಯಿಂದ ಒಳಿತಾಗಲಿಲ್ಲವೆಂದು ಹೇಳುವಂತಿಲ್ಲ. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ರಾಗಿ ಬೆಳೆಯುತ್ತಿದ್ದ ಹೊಲಗಳನ್ನು ಕಬ್ಬು, ಭತ್ತದ ಗದ್ದೆಗಳಾಗಿಸಿತು. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಆದರೆ ಫಲ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಶ್ರೀರಂಗಪಟ್ಟಣದ ಸುತ್ತ ಅರಸರ ಕಾಲದ ನಾಲೆಗಳು ಮೊದಲೇ ಇದ್ದವು. ನಾಗಮಂಗಲದ ಎತ್ತರದ ಹೊಲಗಳೋ ಬಹುಕಾಲ ಕೆರೆ, ಮಳೆಗಳನ್ನೇ ನಂಬಿ ಕುಳಿತವು.

ಬೆಳವಣಿಗೆ ಇಲ್ಲಿನ ಊರುಗಳ ಹೆಸರನ್ನೂ ಬದಲಿಸಿದೆ. ಹೈದರ್, ಟಿಪ್ಪುವಿನ ನೆರವಿಗಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಹಿರೋಡೆ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿತು, ಮುಂದೆ ಪಾಂಡವಪುರವಾಯಿತು. ಅತ್ತಿಕುಪ್ಪೆ ಕೃಷ್ಣರಾಜಪೇಟೆಯಾಯಿತು. ಇಲ್ಲೊಂದು ವಿಚಿತ್ರವಿದೆ. ಊರು ಉಳಿದ ಕಡೆ ಹಳೆಯ ಹೆಸರು ಅಳಿಯಿತು. ಊರು ಅಳಿದ ಕಡೆ ಹೆಸರು ಉಳಿಯಿತು. ಅರಮನೆ ಕೊಟ್ಟ ಹೆಸರನ್ನು ಜನ ಕಾಗದಕ್ಕೆ ಬಿಟ್ಟು, ಮುಳುಗಿದ ಹಳ್ಳಿಯ ಹೆಸರನ್ನು ಬಾಯಲ್ಲಿ ಇಟ್ಟುಕೊಂಡರು.

ಆದರೂ ಕನ್ನಂಬಾಡಿಯ ನೆನಪಿಗೆ ಒಂದು ಕಠಿಣ ಕರಾರು ಅಂಟಿಕೊಂಡಿತ್ತು. ಕಟ್ಟೆಯ ನೀರು ತಳ ಕಂಡರೆ ಮಾತ್ರ ಹಳೆಯ ದೇಗುಲ ತಲೆಯೆತ್ತುತ್ತಿತ್ತು. ತಾತ, ಮುತ್ತಾತಂದಿರ ಊರನ್ನು ಕಾಣಬೇಕೆಂದರೆ ಬರಗಾಲ ಬರಬೇಕು, ಕೆಳಗಿನ ಗದ್ದೆಗಳು ಒಣಗಬೇಕು! ತಾವೂ ಬೇಸಾಯಗಾರರೇ ಆದ ಆ ಜನ ಇಂಥ ದರ್ಶನವನ್ನು ಹೇಗೆ ತಾನೇ ಬೇಡಿಯಾರು?

ಈ ಶತಮಾನದ ಆರಂಭದಲ್ಲಿ ಖೋಡೇ ಪ್ರತಿಷ್ಠಾನ ಆ ಕಲ್ಲುಗಳನ್ನು ಬಿಡಿಸಿ, ಗುರುತು ಹಾಕಿ, ಹೊಸಕನ್ನಂಬಾಡಿಯ ಹಿನ್ನೀರಿನ ದಡಕ್ಕೆ ತಂದು ದೇವಾಲಯವನ್ನು ಮತ್ತೆ ಜೋಡಿಸಿತು. ಬೀದಿ, ಬಾವಿ, ಜಗಲಿಗಳು ಮರಳಲಿಲ್ಲ, ಮರಳುವಂತೆಯೂ ಇಲ್ಲ. ಆದರೆ ಈಗ ಕಟ್ಟೆ ತುಂಬಿದ ವರ್ಷವೂ ಹಳೆಯ ಊರಿನ ದೇವರ ಮುಂದೆ ನಿಂತು ಕೈಮುಗಿಯಬಹುದು.