ಆಟಗಾರನ ಕಥೆಯೋ, ಆಶ್ರಯದಾತರ ಕಥೆಯೋ?

ಒಂದೇ ಚಿತ್ರವನ್ನು ನೋಡಿ ಒಬ್ಬರು ಕಣ್ಣೊರೆಸಿಕೊಂಡರೆ ಪಕ್ಕದಲ್ಲಿ ಕುಳಿತವರು ಮುಖ ಗಂಟಿಕ್ಕುವುದುಂಟು. ಕ್ರೀಡೆಯನ್ನೂ ವರ್ಣಭೇದವನ್ನೂ ಒಂದೇ ಕಥೆಯಲ್ಲಿ ಹೆಣೆದ ಅಮೆರಿಕದ ಚಿತ್ರಗಳ ಪಾಡು ಬಹುಮಟ್ಟಿಗೆ ಇದೇ ಆಗಿದೆ. ಅವುಗಳಲ್ಲಿ ಎರಡು ಚಿತ್ರಗಳಿಗೆ ಕ್ರೈಸ್ತ ಶಾಲೆಗಳ ಅಂಗಳವೇ ರಂಗಸ್ಥಳ. ಆದುದರಿಂದ ಅವು ನಮ್ಮ ಗಮನಕ್ಕೂ ಅರ್ಹವಾದವು.

1994ರಲ್ಲಿ ತೆರೆಕಂಡ 'ಹೂಪ್ ಡ್ರೀಮ್ಸ್' ಸ್ಟೀವ್ ಜೇಮ್ಸ್ ನಿರ್ದೇಶಿಸಿದ, ಮೂರು ಗಂಟೆಗೆ ಸಮೀಪವಾದ ಸಾಕ್ಷ್ಯಚಿತ್ರ. ಷಿಕಾಗೊ ನಗರದ ಬಡ ಕೇರಿಗಳ ಇಬ್ಬರು ಕಪ್ಪು ಹುಡುಗರು, ವಿಲಿಯಂ ಗೇಟ್ಸ್ ಮತ್ತು ಆರ್ಥರ್ ಏಜೀ, ಬ್ಯಾಸ್ಕೆಟ್‌ಬಾಲ್ ಆಟದ ಬಲದಿಂದಲೇ ಹೊರವಲಯದ ಸಂತ ಜೋಸೆಫ್ ಕಥೋಲಿಕ ಪ್ರೌಢಶಾಲೆಗೆ ಪ್ರವೇಶ ಪಡೆಯುತ್ತಾರೆ. ಬಿಳಿಯರೇ ಹೆಚ್ಚಾಗಿದ್ದ ಶಾಲೆ. ಖ್ಯಾತ ಆಟಗಾರ ಐಸಾಯ ಥಾಮಸ್ ಕಲಿತದ್ದೂ ಅಲ್ಲಿಯೇ. ವಿಲಿಯಂನ ಆಟ ಬೆಳಗಿತು, ಅವನ ಶುಲ್ಕಕ್ಕೆ ದಾನಿಗಳೂ ದೊರೆತರು. ಆರ್ಥರನ ಆಟ ನಿರೀಕ್ಷೆಯಷ್ಟು ಏರಲಿಲ್ಲ. ತಂದೆತಾಯಿಗಳಿಗೆ ಶುಲ್ಕ ಕಟ್ಟಲಾಗದೆ ಎರಡನೆಯ ವರ್ಷದ ನಡುವೆಯೇ ಅವನು ಶಾಲೆ ತೊರೆದು ಸರ್ಕಾರಿ ಶಾಲೆಯನ್ನು ಸೇರಬೇಕಾಯಿತು. ಮುಂದೆ ಹಳೆಯ ಶಾಲೆಯಿಂದ ಅಂಕಗಳ ದಾಖಲೆ ಬೇಕಾದಾಗ ಬಾಕಿ ಹಣದ ಮಾತೇ ಮತ್ತೆ ಎದುರಾಯಿತು. ಈ ದೃಶ್ಯಕ್ಕೆ ಭಾಷಾಂತರವೇ ಬೇಡ. ನಮ್ಮೂರಿನ ತಾಯಂದಿರಿಗೆ ಅದು ಚೆನ್ನಾಗಿ ತಿಳಿದದ್ದೇ.

ಸನ್‌ಡಾನ್ಸ್ ಉತ್ಸವದಲ್ಲಿ ಪ್ರೇಕ್ಷಕರು ಈ ಚಿತ್ರಕ್ಕೆ ಬಹುಮಾನವಿತ್ತರು. ಆಸ್ಕರ್ ಮಂಡಳಿ ಮಾತ್ರ ಅತ್ಯುತ್ತಮ ಸಾಕ್ಷ್ಯಚಿತ್ರಗಳ ಪಟ್ಟಿಗೂ ಅದನ್ನು ಸೇರಿಸಲಿಲ್ಲ. ಇದರಿಂದ ದೊಡ್ಡ ಕೋಲಾಹಲವೇ ಎದ್ದಿತು. ತನಗೆ ಅನ್ಯಾಯವಾಯಿತೆಂದು ಶಾಲೆ ನ್ಯಾಯಾಲಯದ ಮೆಟ್ಟಿಲೇರಿತು. ಬಡ ಮಕ್ಕಳಿಗೆ ಬಾಗಿಲು ತೆರೆದ ಶಾಲೆಯನ್ನು ಕೆಲವರು ಅಲ್ಲಿ ಕಂಡರೆ, ಹುಡುಗನಿಗಿಂತ ಚೆಂಡಿಗೇ ಹೆಚ್ಚು ಬೆಲೆ ಕಟ್ಟಿದ ಶಾಲೆಯನ್ನು ಇನ್ನು ಕೆಲವರು ಕಂಡರು. ನಮ್ಮ ಎಣಿಕೆಯಲ್ಲಿ ಎರಡೂ ಅಲ್ಲಿವೆ. ತರಬೇತುದಾರ ಪಿಂಗಟೋರ್ ಖಳನಾಯಕನಲ್ಲ. ಗದರುತ್ತಾನೆ, ಹುರಿದುಂಬಿಸುತ್ತಾನೆ, ಗೆಲುವಿನ ಲೆಕ್ಕವನ್ನೂ ಹಾಕುತ್ತಾನೆ. ತೀರ್ಪನ್ನು ಚಿತ್ರ ನೋಡುಗರಿಗೇ ಬಿಟ್ಟಿದೆ, ಅದೇ ಅದರ ದೊಡ್ಡತನ.

2009ರ 'ದಿ ಬ್ಲೈಂಡ್ ಸೈಡ್' ಹಾಗಲ್ಲ. ಅದು ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡ ಕಥಾಚಿತ್ರ. ಮೆಂಫಿಸ್ ನಗರದ ಸಿರಿವಂತ ಬಿಳಿಯ ಕುಟುಂಬವೊಂದು ಕ್ರೈಸ್ತ ಶಾಲೆಯ ನಿರ್ಗತಿಕ ಕಪ್ಪು ವಿದ್ಯಾರ್ಥಿ ಮೈಕೆಲ್ ಓರ್‌ನಿಗೆ ಮನೆಯಲ್ಲಿ ಆಶ್ರಯ ನೀಡುತ್ತದೆ. ಅವನು ಅಮೆರಿಕನ್ ಫುಟ್‌ಬಾಲಿನಲ್ಲಿ ಹೆಸರು ಗಳಿಸುತ್ತಾನೆ. ಮನೆಯೊಡತಿಯ ಪಾತ್ರಕ್ಕಾಗಿ ಸಾಂಡ್ರಾ ಬುಲಕ್‌ಗೆ ಆಸ್ಕರ್ ಬಂತು. ಗಳಿಕೆ 30 ಕೋಟಿ ಡಾಲರುಗಳನ್ನು ಮೀರಿತು. ಪರದೇಶಿಗೆ ಮನೆ ತೆರೆದ ಶುಭಸಂದೇಶದ ದಯೆಯನ್ನು ಅನೇಕ ಭಕ್ತರು ಇಲ್ಲಿ ಕಂಡರು. ಬಿಳಿಯರ ಔದಾರ್ಯವನ್ನು ಮೆರೆಸಲು ಕಪ್ಪು ಯುವಕನನ್ನು ಮಂಕನನ್ನಾಗಿಸಲಾಗಿದೆ ಎಂದು ವಿಮರ್ಶಕರು ದೂರಿದರು.

ಆಶ್ರಯ ಸುಳ್ಳಲ್ಲ; ಅತ್ತವರನ್ನು ನಾವು ಹಳಿಯಲಾರೆವು. ಆದರೆ ಓರ್ ತಾನೇ 2011ರ ಆತ್ಮಕಥೆಯಲ್ಲಿ ಆಕ್ಷೇಪವೆತ್ತಿದ್ದಾನೆ. ಆಟವನ್ನು ಮೊದಲಿನಿಂದ ಬಲ್ಲ ತನ್ನನ್ನು, ಎಲ್ಲವನ್ನೂ ಪರರಿಂದ ಕಲಿಯಬೇಕಾದವನಂತೆ ಚಿತ್ರಿಸಿದ್ದು ಅವನಿಗೆ ನೋವು ತಂದಿತ್ತು. ಸಹಾಯ ಪಡೆದವನಿಗೆ ತನ್ನ ಕಥೆಯ ಮೇಲೆ ಹಕ್ಕಿಲ್ಲವೆ? ನೋಡುಗರ ಭಿನ್ನಾಭಿಪ್ರಾಯದ ಬೇರು ಇಲ್ಲಿದೆ. ಮೈಬಣ್ಣದ ಮಾತು ಅದರ ಮೇಲಿನ ಹೊದಿಕೆ ಮಾತ್ರವಲ್ಲ, ಆ ಹಕ್ಕು ಯಾರದೆಂಬುದನ್ನು ಬಹುಕಾಲ ನಿರ್ಧರಿಸಿದ್ದೂ ಅದೇ.

2023ರ ಆಗಸ್ಟ್‌ನಲ್ಲಿ ಓರ್ ಟೆನೆಸ್ಸಿಯ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದ. ಆ ದಂಪತಿಗಳು ತನ್ನನ್ನು ದತ್ತು ತೆಗೆದುಕೊಂಡಿರಲಿಲ್ಲ, 2004ರಲ್ಲಿ ತನಗೆ 18 ವರ್ಷವಾಗಿದ್ದಾಗ ತನ್ನ ವ್ಯವಹಾರಗಳ ಅಧಿಕಾರವನ್ನು ಕಾಗದದ ಮೂಲಕ ಪಡೆದುಕೊಂಡಿದ್ದರು ಎಂಬುದು ಅವನ ದೂರು. ತಾವು ಅವನಿಂದ ಲಾಭ ಮಾಡಿಕೊಂಡೆವೆಂಬ ಆರೋಪವನ್ನು ಕುಟುಂಬ ನಿರಾಕರಿಸಿತು. ಸೆಪ್ಟೆಂಬರ್ ಕೊನೆಯಲ್ಲಿ ನ್ಯಾಯಾಧೀಶೆ ಆ ಅಧಿಕಾರವನ್ನು ರದ್ದುಗೊಳಿಸಿದರು; ಹಣದ ಲೆಕ್ಕದ ವಿವಾದವನ್ನು ಮಾತ್ರ ಅಂದು ಮುಗಿಸಲಿಲ್ಲ.