ಫಾಲ್ಗುಣದ ಕಪಿಲಧಾರ

ಫಾಲ್ಗುಣದಲ್ಲಿ ಬಾಲಾಘಾಟದ ಗುಡ್ಡಗಳಲ್ಲಿ ಹುಲ್ಲು ಒಣಗಿ ಕಲ್ಲು ಬಯಲಾಗಿರುತ್ತದೆ. ಸೀತಾಫಲದ ಪೊದೆಗಳಲ್ಲಿ ಎಲೆ ಇರುವುದಿಲ್ಲ. ಮುತ್ತುಗ ಮಾತ್ರ ಮೈತುಂಬ ಕೇಸರಿ ಹೂ ಹೊತ್ತು ನಿಂತಿರುತ್ತದೆ. ಈ ದಿನಗಳಲ್ಲಿ ಇಲ್ಲಿ ಜಲಪಾತ ನೋಡಲು ಯಾರೂ ಬರುವುದಿಲ್ಲ. ನಾನು ಬಂದದ್ದು ಅದಕ್ಕೇ.

ಬೀಡ ಜಿಲ್ಲೆಯ ಮಾಂಜರಸುಂಬಾದಲ್ಲಿ ಬಸ್ಸಿಳಿದು ಕಪಿಲಧಾರದ ದಾರಿ ಹಿಡಿದೆ. ಹೆದ್ದಾರಿಯಲ್ಲಿ ಟ್ರಾಕ್ಟರುಗಳು ಸಾಲಾಗಿ ಬರುತ್ತಿದ್ದವು. ಟ್ರಾಲಿ ತುಂಬ ಪಾತ್ರೆ, ಆಡು, ಹಾಸಿಗೆ, ಹಾಸಿಗೆಯ ಮೇಲೆ ಮಲಗಿದ ಮಕ್ಕಳು. ಕಬ್ಬು ಕಡಿಯಲು ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳವರೆಗೂ ಹೋಗುವ ಈ ಗುಡ್ಡದ ಜನ ಯುಗಾದಿ ಹೊತ್ತಿಗೆ ಮನೆಗೆ ಮರಳುತ್ತಾರೆ. ಊರಲ್ಲಿ ನೀರಿದ್ದಿದ್ದರೆ ಇಷ್ಟು ದೂರ ಹೋಗುತ್ತಿದ್ದರೇ?

ದಾರಿ ಕಣಿವೆಗೆ ಇಳಿಯಿತು. ಎಲ್ಲೋ ನವಿಲು ಕೂಗಿತು. ನಾಯಗಾಂವದ ನವಿಲುಧಾಮ ಇರುವುದು ಈ ಕಡೆಯ ಗುಡ್ಡಗಳಲ್ಲೇ. ಎರಡೂ ಬದಿಗೆ ಕಪ್ಪು ಬಂಡೆಯ ಪದರುಗಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಒಂದರ ಮೇಲೊಂದು ಹೆಪ್ಪುಗಟ್ಟಿ ಆದ ನೆಲ ಇದು. ಮಳೆ ನೀರು ಬಿರುಕುಗಳಲ್ಲಿ ಇಳಿಯುತ್ತದೆ, ಗಟ್ಟಿ ಪದರು ಸಿಕ್ಕಲ್ಲಿ ಅಡ್ಡಕ್ಕೆ ಸರಿದು ಕಣಿವೆಯ ಗೋಡೆಯಲ್ಲಿ ಒಸರುತ್ತದೆ. ಅಂಥ ಕಡೆ ಮಾತ್ರ ಕಲ್ಲು ಹಸಿರು.

ತಳದಲ್ಲಿ ಮನ್ಮಥ ಸ್ವಾಮಿಗಳ ಸಮಾಧಿ. ಮರಾಠಿಯಲ್ಲಿ ‘ಪರಮರಹಸ್ಯ’ ಬರೆದ ವೀರಶೈವ ಸಂತ. ಕಾರ್ತಿಕ ಹುಣ್ಣಿಮೆಯ ಜಾತ್ರೆಗೆ ಕನ್ನಡ, ಮರಾಠಿ ಎರಡೂ ಭಾಷೆಯ ಲಿಂಗಾಯತರು ದಿಂಡಿ ಕಟ್ಟಿಕೊಂಡು ಬರುತ್ತಾರೆ. ಎರಡು ರಾಜ್ಯಗಳ ನಡುವೆ ಗಡಿ ಗೆರೆ ಎಳೆದವರಿಗೆ ಈ ದಾರಿ ಗೊತ್ತಿರಲಿಕ್ಕಿಲ್ಲ. ಜಾತ್ರೆಯ ಹೊತ್ತಿಗೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ; ಇವತ್ತು ಮೆಟ್ಟಿಲ ಮೇಲೆ ಬಿಸಿಲು, ಎರಡು ನಾಯಿ, ತೆಂಗಿನಕಾಯಿ ಮಾರುವ ಅಂಗಡಿಯೊಂದು.

ಪಕ್ಕದ ಬಂಡೆಯಿಂದ ಧಾರೆ ಇಳಿಯುತ್ತಿತ್ತು. ಮಳೆಗಾಲದಲ್ಲಿ ಇಡೀ ಬಂಡೆಯನ್ನೇ ಮುಚ್ಚುವ ನೀರು ಈಗ ಬೆರಳ ದಪ್ಪ ಮಾತ್ರ. ಅರ್ಧ ದಾರಿಯಲ್ಲಿ ಗಾಳಿಗೆ ಚೆದುರಿ ಹನಿಹನಿಯಾಗಿ ಕುಂಡಕ್ಕೆ ಬೀಳುತ್ತಿತ್ತು. ಆ ಹನಿಗಾಗಿ ಜೇನು, ಗುಬ್ಬಿ, ಒಂದು ಮಂಗ ಸರದಿ ಕಾಯುತ್ತಿದ್ದವು.

ಇದೇ ಬಾಲಾಘಾಟದಲ್ಲಿ, ಪಾಟೋದಾ ತಾಲ್ಲೂಕಿನ ಗವಳವಾಡಿ ಬಳಿ ನಮ್ಮ ಮಾಂಜರಾ ಹೊಳೆ ಹುಟ್ಟುತ್ತದೆ. ಔರಾದ ಶಹಾಜನಿಯ ಹತ್ತಿರ ತೇರಣಾ ಅದನ್ನು ಕೂಡುತ್ತದೆ, ಮುಂದೆ ಅದು ಬೀದರ ಜಿಲ್ಲೆಗೆ ಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಆ ಹೊಳೆಯ ಆಣೆಕಟ್ಟು ಬತ್ತಿ, ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತಂದರು. ಭೋರ್ಗರೆಯುವ ಜಲಪಾತದ ಫೋಟೊ ಎಲ್ಲರ ಹತ್ತಿರವೂ ಇದೆ. ಬೇಸಿಗೆಯ ಹೊಸ್ತಿಲಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನು ಹೊಳೆ ದಂಡೆಯವರಾದ ನಾವು ಒಮ್ಮೆಯಾದರೂ ನಡೆದುಬಂದು ನೋಡಬೇಕು.

ಕುಂಡದ ಕಟ್ಟೆಯಲ್ಲಿ ಹರಕೆಗೆ ಬಂದಿದ್ದ ಉದಗೀರ ಕಡೆಯ ಅಜ್ಜಿಯೊಬ್ಬರು ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದ್ದರು.

“ಯಾವೂರು ತಮ್ಮಾ?”

“ಔರಾದ, ಅವ್ವಾ.”

“ಕಾರ್ತಿಕದಾಗ ಬರಬೇಕಿತ್ತಲ್ಲ, ಆಗ ನೀರು ನೋಡಬೇಕು.”

“ಈಗಿಂದೇ ನೋಡಬೇಕಂತ ಬಂದೀನಿ.”

ಅವರು ಧಾರೆ ನೋಡಿದರು, ನನ್ನ ಮುಖ ನೋಡಿದರು, ಅರ್ಧ ರೊಟ್ಟಿ ಮುರಿದು ಕೈಗಿಟ್ಟರು.

“ಉಂಡು ನೀರು ಕುಡಿ. ಘಾಟ ಹತ್ತೂದು ಇನ್ನೂ ಅದ.”