ಏಳು ದಿನದ ಓಟ, ಒಂದು ಸ್ಟ್ರಿಪ್ ಮಾತ್ರೆ

ಕಳೆದ ಜುಲೈಯಲ್ಲಿ ನಮ್ಮ ಸಂಘದವರೆಲ್ಲ ರಜೆಗೆ ಊರಿನ ವಿಮಾನ ಹತ್ತುತ್ತಿದ್ದರೆ ನಾನು ತದ್ವಿರುದ್ಧ ದಿಕ್ಕಿಗೆ ಹೊರಟಿದ್ದೆ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು ಹದಿನಾರು ಗಂಟೆ ಹಾರಾಟ. ಅಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ ಫ್ರೀಮಾಂಟ್, ನನ್ನ ಅಕ್ಕ ಮತ್ತು ಭಾವ ಇಪ್ಪತ್ತು ವರ್ಷದಿಂದ ಇರುವ ಊರು. ನನ್ನ ಚೀಲದಲ್ಲಿ ಅಕ್ಕನಿಗೆಂದು ಮೂರು ಕೆಜಿ ಖರ್ಜೂರ, ನನಗೆಂದು ಒಂದು ಜೊತೆ ಓಟದ ಶೂ, ಜೊತೆಗೆ ಐಬುಪ್ರೊಫೆನ್ 400ರ ಒಂದು ಸ್ಟ್ರಿಪ್ ಇತ್ತು. ಆ ಸ್ಟ್ರಿಪ್‌ನ ವಿಷಯ ಆಮೇಲೆ ಹೇಳುತ್ತೇನೆ.

ಡಿ.ಫಾರ್ಮಾ ಮುಗಿಸಿ ಗಲ್ಫಿಗೆ ಬಂದು ಹದಿನೇಳು ವರ್ಷವಾಯಿತು. ಯುಎಇಯ ಒಂದು ಆಸ್ಪತ್ರೆಯ ಫಾರ್ಮಸಿ ಕೌಂಟರಿನಲ್ಲಿ ನನ್ನ ಕೆಲಸ. ಮೂರು ವರ್ಷದ ಹಿಂದೆ ಸಿಬ್ಬಂದಿಯ ತಪಾಸಣೆಯಲ್ಲಿ ನನ್ನ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದು ಲೆಕ್ಕ. ದಿನವಿಡೀ ಊರವರಿಗೆಲ್ಲ ಮೆಟ್‌ಫಾರ್ಮಿನ್ ಎಣಿಸಿ ಕೊಡುವವನ ಗತಿ ಇದು. ಅಪ್ಪನಿಗೂ ಇದೇ ಕಾಯಿಲೆ ಇತ್ತು. ಮೊದಲು ಕಟ್ಟಡದ ಸುತ್ತ ನಡೆದೆ, ಆಮೇಲೆ ಕಡಲ ತೀರದಲ್ಲಿ ಓಡಿದೆ, ಕಳೆದ ಚಳಿಗಾಲದಲ್ಲಿ ಹಾಫ್ ಮ್ಯಾರಥಾನ್ ಮುಗಿಸಿದೆ. ಈಗ ಪೂರ್ತಿ 42.195 ಕಿಲೋಮೀಟರಿಗೆ ಹೆಸರು ಕೊಟ್ಟು ಕೂತಿದ್ದೆ.

ಅಕ್ಕ ನನಗಿಂತ ಮುಂದಿದ್ದಳು. ಸಾಗರದಲ್ಲಿ ಓದುವಾಗ ಬಸ್ಸಿಗೂ ಓಡದಿದ್ದವಳು ಐವತ್ತೆರಡರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮ್ಯಾರಥಾನಿಗೆ ತಯಾರಾಗುತ್ತಿದ್ದಳು. ಅವಳು ಸೇರಿದ್ದು ಟೀಮ್ ಆಶಾ. 1991ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಭಾರತೀಯ ವಿದ್ಯಾರ್ಥಿಗಳು ಹುಟ್ಟುಹಾಕಿದ ಆಶಾ ಫಾರ್ ಎಜುಕೇಶನ್ ಸಂಸ್ಥೆಯ ಓಟದ ತಂಡ ಇದು. ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಸಂದೀಪ್ ಪಾಂಡೆ ಅವರಿಗೆ 2002ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತ್ತು. ತಂಡ ಸೇರಿದವರಿಗೆ ಓಟದ ತರಬೇತಿ ಸಿಗುತ್ತದೆ. ಅವರು ಪರಿಚಯದವರಿಂದ ಎತ್ತುವ ಹಣ ಭಾರತದ ಬಡ ಮಕ್ಕಳ ಓದಿಗೆ ಹೋಗುತ್ತದೆ. "ಮಕ್ಕಳಿಗೂ ಆಯ್ತು, ನನ್ನ ಸೊಂಟಕ್ಕೂ ಆಯ್ತು" ಎಂದು ಅಕ್ಕನ ವ್ಯಾಖ್ಯಾನ.

ನಾನು ಹೋದ ವಾರ ಅವಳ ತರಬೇತಿಯಲ್ಲೇ ಅತಿ ಭಾರದ ವಾರ. ಓಟದ ದಿನಕ್ಕೆ ಮೂರು ವಾರ ಇರುವಾಗ ಅತಿ ಉದ್ದದ ಅಭ್ಯಾಸ ಮಾಡಿ ಆಮೇಲೆ ಇಳಿಸುತ್ತಾ ಬರುವುದು ಮ್ಯಾರಥಾನಿನ ರೂಢಿ. ಶನಿವಾರ ಅವಳಿಗೆ 20 ಮೈಲಿ, ಅಂದರೆ 32 ಕಿಲೋಮೀಟರ್. ನನಗೆ 24 ಎಂದು ನಾನೇ ಗೊತ್ತುಮಾಡಿಕೊಂಡೆ.

ಸೋಮವಾರ ವಿಶ್ರಾಂತಿ. ಹನ್ನೊಂದು ಗಂಟೆಯ ವ್ಯತ್ಯಾಸದಿಂದ ರಾತ್ರಿ ಎರಡಕ್ಕೇ ಎಚ್ಚರವಾಗಿ ಚಾವಣಿ ನೋಡುತ್ತಾ ಮಲಗಿದ್ದೆ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಅಲಮೀಡಾ ಕ್ರೀಕ್ ದಾರಿಗೆ ಹೋದೆವು. ನೈಲ್ಸ್ ಎಂಬಲ್ಲಿಂದ ಕೊಲ್ಲಿಯ ಅಂಚಿನವರೆಗೆ ಹಳ್ಳದ ದಂಡೆಯಲ್ಲೇ ಸುಮಾರು 12 ಮೈಲಿ ಹೋಗುವ ದಾರಿ. ಕಾರಿಲ್ಲ, ಹಾರ್ನ್ ಇಲ್ಲ. ಚಳಿ ಹದಿಮೂರು ಡಿಗ್ರಿ. ಜುಲೈಯಲ್ಲಿ ನಮ್ಮಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಓಡಿದರೂ ಬಟ್ಟೆ ಹಿಂಡಿದರೆ ನೀರು ಸುರಿಯುತ್ತದೆ, ನಿಮಗೆ ಹೇಳಬೇಕಿಲ್ಲ. ಸೆಕೆಯಲ್ಲಿ ಹೃದಯಕ್ಕೆ ಎರಡು ಕೆಲಸ: ಸ್ನಾಯುಗಳಿಗೂ ರಕ್ತ ಕಳಿಸಬೇಕು, ಮೈ ತಣಿಸಲು ಚರ್ಮಕ್ಕೂ ಕಳಿಸಬೇಕು. ತಂಪಿನಲ್ಲಿ ಎರಡನೆಯ ಕೆಲಸ ಬಹುಪಾಲು ತಪ್ಪುತ್ತದೆ. ಹಾಗಾಗಿ ಅದೇ ಶ್ರಮಕ್ಕೆ ಕಾಲು ಬೇಗ ಬೇಗ ಬೀಳುತ್ತದೆ. ನನಗಂತೂ ರೆಕ್ಕೆ ಬಂದಂತಾಯಿತು. ಕಿಲೋಮೀಟರಿಗೆ ಏಳೂಕಾಲು ನಿಮಿಷ ತೆಗೆದುಕೊಳ್ಳುವವನು ಆರು ನಿಮಿಷ ಹತ್ತು ಸೆಕೆಂಡಿನಲ್ಲಿ ಓಡಿ, ಎಂಟು ಕಿಲೋಮೀಟರ್ ಮುಗಿಸಿ, ಅಕ್ಕನಿಗಾಗಿ ಕಾದು ನಿಂತೆ.

"ಮಾತಾಡ್ತಾ ಓಡೋಕೆ ಬರ್ಬೇಕು ಮಾರಾಯ. ನೀನು ಪೊಲೀಸರು ಅಟ್ಟಿಸ್ಕೊಂಡು ಬಂದ ಹಾಗೆ ಓಡಿದೆ" ಎಂದಳು ಅಕ್ಕ. ನಾನು ಕೇಳಿಸಿಕೊಳ್ಳಲಿಲ್ಲ. ಆ ದಿನ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ಬುಧವಾರ ಮಿಷನ್ ಪೀಕ್. ಅಕ್ಕ ಬರಲಿಲ್ಲ, ಅವಳ ಪಟ್ಟಿಯಲ್ಲಿ ಅಂದು ನಿಧಾನದ ಓಟ ಇತ್ತು. ನಾನು ಭಾವನ ಜೊತೆ ಹೊರಟೆ. ಸುಮಾರು 767 ಮೀಟರ್ ಎತ್ತರ, ನಮ್ಮ ಕೊಡಚಾದ್ರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೆ ನೋಟ ಪೂರ್ತಿ ಬೇರೆ. ಜುಲೈಯಲ್ಲಿ ಮಲೆನಾಡು ಮಳೆಯಲ್ಲಿ ಹಸಿರು ಕಕ್ಕುತ್ತಿದ್ದರೆ ಇಲ್ಲಿ ಗುಡ್ಡವೆಲ್ಲ ಒಣಹುಲ್ಲಿನ ಹೊಂಬಣ್ಣ, ಏಕೆಂದರೆ ಇವರ ಮಳೆ ಬರುವುದು ಚಳಿಗಾಲದಲ್ಲಿ. ತುದಿಯಲ್ಲಿ ನೆಟ್ಟ ಕಂಬದ ಬಳಿ ನಿಂತು ನೋಡಿದರೆ ಕೊಲ್ಲಿಯ ಮೇಲೆ ಮಂಜಿನ ಹಾಸು. ಹತ್ತುವುದು ಸರಿಯಾಗಿಯೇ ಆಯಿತು. ಇಳಿಯುವಾಗ ಮಂಗಳವಾರದ ಅಮಲು ಇನ್ನೂ ಇಳಿದಿರಲಿಲ್ಲ. ಭಾವ ನಡೆದು ಬಂದರು, ನಾನು ಓಡಿದೆ. ಅರ್ಧ ದಾರಿಯಲ್ಲಿ ಬಲ ಮೊಣಕಾಲಿನ ಹೊರಬದಿಯಲ್ಲಿ ಯಾರೋ ಸೂಜಿ ಚುಚ್ಚಿದ ಹಾಗಾಯಿತು.

ಗುರುವಾರ ಬೆಳಿಗ್ಗೆ ಮೆಟ್ಟಿಲು ಇಳಿಯಲಾಗಲಿಲ್ಲ. ಸೊಂಟದಿಂದ ತೊಡೆಯ ಹೊರಬದಿಯಲ್ಲಿ ಮೊಣಕಾಲಿನ ಕೆಳಗಿನವರೆಗೆ ಪಟ್ಟಿಯಂಥ ನಾರು ಇದೆ. ಅಭ್ಯಾಸವಿಲ್ಲದೆ ಇಳಿಜಾರಿನಲ್ಲಿ ಓಡಿದರೆ ಮುನಿಸಿಕೊಳ್ಳುವುದು ಹೆಚ್ಚಾಗಿ ಅದೇ. ಊತ ಇರಲಿಲ್ಲ, ಬರೀ ನೋವು. ಭಾವ ಕಾಫಿ ಕುಡಿಯುತ್ತಾ "ಮಾತ್ರೆ ಅಂಗಡಿಯವನೇ ನೀನು, ಒಂದು ನುಂಗಿಬಿಡು. ಶನಿವಾರಕ್ಕೆ ಸರಿ ಹೋಗುತ್ತೆ" ಎಂದರು.

ಒಳಗೆ ಹೋಗಿ ಚೀಲದಿಂದ ಸ್ಟ್ರಿಪ್ ತೆಗೆದೆ. ಒಂದು ಮಾತ್ರೆ ನುಂಗಿದರೆ ಆಕಾಶ ಬೀಳುವುದಿಲ್ಲ, ನನಗೆ ಗೊತ್ತು. ಆದರೆ ನನ್ನ ಲೆಕ್ಕ ಒಂದು ಮಾತ್ರೆಯದಾಗಿರಲಿಲ್ಲ. ಇವತ್ತು ಎರಡು, ನಾಳೆ ಎರಡು, ಶನಿವಾರ ಓಟಕ್ಕೆ ಮುಂಚೆ ಒಂದು, ಮಧ್ಯದಲ್ಲಿ ಒಂದು ಎಂದು ಮನಸ್ಸಿನಲ್ಲೇ ಚೀಟಿ ಬರೆದಾಗಿತ್ತು. ಸ್ಟ್ರಿಪ್ ಕೈಯಲ್ಲಿ ಹಿಡಿದು ಹಾಸಿಗೆಯ ಮೇಲೆ ಕೂತಾಗ ಆ ಹುಡುಗ ನೆನಪಾದ.

ಯಾದಗಿರಿ ಕಡೆಯವನು, ಮೂವತ್ತು ದಾಟಿರಲಿಲ್ಲ. ಕಟ್ಟಡದಲ್ಲಿ ಕಬ್ಬಿಣ ಕಟ್ಟುವ ಕೆಲಸ. ಹಿಂದಿನ ವರ್ಷ ಮೇ ತಿಂಗಳಲ್ಲಿ ಬೆನ್ನುನೋವೆಂದು ಬಂದಿದ್ದ. ಐದು ದಿನಕ್ಕೆ ನೋವಿನ ಮಾತ್ರೆ ಬರೆದಿದ್ದರು. ಕನ್ನಡದವನೆಂದು ಗೊತ್ತಾಗಿ "ಯಾವ ಊರು ತಮ್ಮಾ" ಎಂದು ಕೇಳಿದೆ, "ಊಟ ಆದ್ಮೇಲೆ ತಗೋ" ಎಂದೆ, ಮುಂದಿನ ಟೋಕನ್ ಕರೆದೆ. ಎಂಥ ಕೆಲಸ, ಎಷ್ಟು ಹೊತ್ತು ಬಿಸಿಲು, ನೀರು ಎಷ್ಟು ಎಂದು ಕೇಳಲಿಲ್ಲ. ಸಾಲು ಉದ್ದವಿತ್ತು. ಆಗಸ್ಟಿನಲ್ಲಿ ವಾಂತಿ, ಸುಸ್ತು ಎಂದು ಅವನನ್ನು ಎತ್ತಿಕೊಂಡು ಬಂದರು. ಕ್ರಿಯಾಟಿನಿನ್ 3 ದಾಟಿತ್ತು. ಐದು ದಿನದ ಮಾತ್ರೆಯನ್ನು ಎರಡೂವರೆ ತಿಂಗಳು ನುಂಗಿದ್ದ. ಮುಗಿದಾಗ ಹೊರಗೆ ಕೊಂಡುಕೊಂಡಿದ್ದ, ಕೆಲವೊಮ್ಮೆ ರೂಮಿನವರಿಂದ ಪಡೆದಿದ್ದ. "ಇಷ್ಟು ದಿನ ತಗೋಬಾರದು ಅಂತ ಯಾರೂ ಹೇಳ್ಲಿಲ್ಲ ಸರ್" ಎಂದ. ಡ್ರಿಪ್ ಹಾಕಿ, ಮಾತ್ರೆ ನಿಲ್ಲಿಸಿದ ಮೇಲೆ ಕಿಡ್ನಿ ಬಹುಮಟ್ಟಿಗೆ ಸುಧಾರಿಸಿತು, ಪುಣ್ಯ. ಕೆಲಸ ಮಾತ್ರ ಉಳಿಯಲಿಲ್ಲ. ಊರಿಗೆ ಹೋದ.

ಯಾರೂ ಹೇಳಲಿಲ್ಲ ಎಂದವನು ನನ್ನ ಹೆಸರು ಎತ್ತಲಿಲ್ಲ. ಆದರೆ ಕೌಂಟರಿನಲ್ಲಿ ಇದ್ದವನು ನಾನೇ.

ಇದರ ಒಳಗುಟ್ಟು ಸರಳ. ಬಿಸಿಲಲ್ಲಿ ದುಡಿಯುವಾಗಲೂ, ಗಂಟೆಗಟ್ಟಲೆ ಓಡುವಾಗಲೂ ಮೈಯ ನೀರು ಇಳಿದು ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಆಗ ಕಿಡ್ನಿಯ ರಕ್ತನಾಳಗಳು ಮುಚ್ಚಿಹೋಗದಂತೆ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಬಾಗಿಲು ತೆರೆದು ಹಿಡಿದಿರುತ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನೋವು ಕಡಿಮೆ ಮಾಡುವುದೇ ಆ ರಾಸಾಯನಿಕಗಳನ್ನು ತಡೆದು. ನೋವೂ ಹೋಗುತ್ತದೆ, ಬಾಗಿಲು ಹಿಡಿದವನೂ ಹೋಗುತ್ತಾನೆ. ಅಕ್ಕನ ಮನೆಯಿಂದ ಅರ್ಧ ಗಂಟೆ ದೂರದ ಸ್ಟ್ಯಾನ್‌ಫರ್ಡ್‌ನ ವೈದ್ಯರೇ ಇದನ್ನು ಓಟಗಾರರಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ್ದಾರೆ. 50 ಮೈಲಿ ಓಡುವ 89 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಾಲ್ಕು ಗಂಟೆಗೊಮ್ಮೆ ಐಬುಪ್ರೊಫೆನ್ 400, ಇನ್ನೊಂದಕ್ಕೆ ಅದೇ ತರಹ ಕಾಣುವ ಔಷಧಿಯಿಲ್ಲದ ಮಾತ್ರೆ ಕೊಟ್ಟರು. ಕಿಡ್ನಿಗೆ ಪೆಟ್ಟು ಬಿದ್ದ ಲಕ್ಷಣ ಬರೀ ಮಾತ್ರೆಯವರಲ್ಲಿ ನೂರಕ್ಕೆ 34, ಐಬುಪ್ರೊಫೆನ್ ನುಂಗಿದವರಲ್ಲಿ 52. ಈ ಅಧ್ಯಯನ ನಾನು ಓದಿದ್ದೆ, ಬೇರೆಯವರಿಗೆ ಹೇಳಿಯೂ ಇದ್ದೆ. ಆದರೂ ಸ್ಟ್ರಿಪ್ ಚೀಲಕ್ಕೆ ಹಾಕಿಕೊಂಡು ಬಂದಿದ್ದೆ.

ಇನ್ನೊಂದೂ ಇದೆ. ನೋವು ಮುಚ್ಚಿ ಓಡಿದರೆ ಮೊಣಕಾಲು ಏನು ಹೇಳುತ್ತಿದೆ ಎಂದು ಗೊತ್ತಾಗುವುದೇ ಇಲ್ಲ. ಸ್ಟ್ರಿಪ್ ಚೀಲಕ್ಕೆ ವಾಪಸ್ಸು ಹೋಯಿತು. ಭಾವನಿಗೆ "ಬೇಡ ಬಿಡಿ" ಎಂದಷ್ಟೇ ಹೇಳಿದೆ. ಆ ದಿನವೂ ಶುಕ್ರವಾರವೂ ಐಸ್ ಇಟ್ಟುಕೊಂಡು ಸೋಫಾದ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಎಂಟು ಸಾವಿರ ಮೈಲಿ ಹತ್ತಿರ ದೂರ ಬಂದು, ಹದಿಮೂರು ಡಿಗ್ರಿಯ ಚಳಿ ಹೊರಗಿದ್ದೂ ಓಡಲಾಗದ ಸಂಕಟ ಗಲ್ಫಿನವನಿಗೇ ಗೊತ್ತು. ಶುಕ್ರವಾರ ರಾತ್ರಿ ಅಕ್ಕ ಶನಿವಾರದ ಓಟಕ್ಕೆಂದು ಅನ್ನ, ಸಾರು, ಆಲೂಗಡ್ಡೆ ಪಲ್ಯ ಮಾಡಿದ್ದಳು. ಓಡುವವಳಿಗಿಂತ ಕೂತವನೇ ಹೆಚ್ಚು ಉಂಡೆ.

ಶನಿವಾರ ನೈಲ್ಸ್‌ನಿಂದ ಶುರು. 1915ರಲ್ಲಿ ಚಾರ್ಲಿ ಚಾಪ್ಲಿನ್ 'ದಿ ಟ್ರ್ಯಾಂಪ್' ಚಿತ್ರದ ಭಾಗಗಳನ್ನು ಇಲ್ಲೇ ತೆಗೆದದ್ದು. ಕೊನೆಯಲ್ಲಿ ಬೆನ್ನು ತಿರುಗಿಸಿ ನಡೆದುಹೋಗುತ್ತಾನಲ್ಲ, ಆ ದಾರಿ ಈ ಕಣಿವೆಯದು. ಸಮತಟ್ಟಿನಲ್ಲಿ ನೋವು ಇಳಿದಿದ್ದರಿಂದ ನಿಧಾನವಾಗಿ ಓಡಿ ನೋಡೋಣ, ನೋವು ಬಂದ ಕ್ಷಣ ನಿಲ್ಲುವುದು ಎಂದು ಅಕ್ಕನಿಗೆ ಮಾತು ಕೊಟ್ಟೆ. ಅವಳದು ಎಂಟು ಕಿಲೋಮೀಟರ್ ಹೋಗಿ ಬರುವುದು, ಎರಡು ಸಲ. ಹೋಗುವಾಗ ಮಾತಾಡುತ್ತಲೇ ಓಡಿದೆವು: ಅಮ್ಮನ ಕಣ್ಣಿನ ಆಪರೇಷನ್, ಸಾಗರದ ಮನೆ ಮಾರುವುದೋ ಬೇಡವೋ, ಅವಳ ಮಗ ಕನ್ನಡ ಮರೆತದ್ದು. ಹದಿನೇಳು ವರ್ಷದಲ್ಲಿ ಫೋನಿನಲ್ಲಿ ಆಡದ ಮಾತೆಲ್ಲ ಆ ಒಂದು ಗಂಟೆಯಲ್ಲಿ ಆಯಿತು. ವಾಪಸ್ಸು ಬರುವಾಗ ಹನ್ನೊಂದನೇ ಕಿಲೋಮೀಟರಿಗೆ ಸೂಜಿ ಮತ್ತೆ ಚುಚ್ಚಿತು. ನಿಂತೆ. ಅಕ್ಕ ತಿರುಗಿ ನೋಡಿದಳು, ನಾನು ಕೈ ಬೀಸಿದೆ. ಉಳಿದ ಐದು ಕಿಲೋಮೀಟರ್ ನಡೆದೆ.

ಅಕ್ಕನ ಜೊತೆಯ ಓಟಗಾರರಿಗಾಗಿ ಭಾವ ಕಾರಿನ ಹಿಂಬದಿ ತೆರೆದು ನೀರು, ಬಾಳೆಹಣ್ಣು, ಉಪ್ಪು ಹಾಕಿದ ಆಲೂಗಡ್ಡೆ, ನನ್ನ ಖರ್ಜೂರ ಇಟ್ಟಿದ್ದರು. ಎರಡನೇ ಸುತ್ತಿಗೆ ನಾನು ಅಲ್ಲಿನ ಮಾಣಿಯಾದೆ. ಅಂಗಡಿಯ ಜೆಲ್ ಬಿಟ್ಟು ಎಲ್ಲರೂ ಖರ್ಜೂರಕ್ಕೇ ಕೈ ಹಾಕಿದರು. ಅಷ್ಟರಲ್ಲಿ ಮೈಸೂರಿನ ಕಡೆಯ ಹಿರಿಯರೊಬ್ಬರು, ಅರವತ್ತು ದಾಟಿದವರು, ನೀರು ಕೇಳಿ ಜೇಬಿನಿಂದ ಎರಡು ಮಾತ್ರೆ ತೆಗೆದರು. ಅದೇ ಐಬುಪ್ರೊಫೆನ್. ಇಲ್ಲಿ 200ರ ಮಾತ್ರೆ ನೂರಾರು ತುಂಬಿದ ಡಬ್ಬಿಯಲ್ಲಿ ದಿನಸಿಯ ಜೊತೆಗೇ ಸಿಗುತ್ತದೆ.

"ಸರ್, ಬಿಪಿಗೆ ಏನಾದರೂ ತಗೋತೀರಾ?" ಎಂದು ಕೇಳಿದೆ.

"ಹೌದು, ಲೋಸಾರ್ಟನ್. ಯಾಕೆ?"

ಬಿಪಿಯ ಆ ಮಾತ್ರೆ, ಈ ನೋವಿನ ಮಾತ್ರೆ, ಮೇಲೆ ಬೆವರಿದ ಮೈ, ಮೂರೂ ಸೇರಿದರೆ ಕಿಡ್ನಿಗೆ ಹೆಚ್ಚು ತೊಂದರೆ ಎಂದು ಎರಡು ನಿಮಿಷದಲ್ಲಿ ಹೇಳಿದೆ. ವೈದ್ಯರನ್ನು ಕೇಳುವವರೆಗೆ ಬೇಡ ಎಂದೆ. ಅವರು ಮಾತ್ರೆಗಳನ್ನು ನೋಡಿ, ಜೇಬಿಗೆ ಹಾಕಿಕೊಂಡು, "ಎಂಟು ವರ್ಷದಿಂದ ಓಡ್ತಿದ್ದೀನಿ. ಯಾರೂ ಹೇಳ್ಲಿಲ್ಲವಲ್ಲ" ಎಂದರು. ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ.

ಇನ್ನೊಬ್ಬಳು ಹೆದರಿ ಬಾಟಲಿ ಮೇಲೆ ಬಾಟಲಿ ನೀರು ಕುಡಿಯತೊಡಗಿದಳು. ಅದೂ ತಪ್ಪೇ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ನೋಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇಳಿದಿತ್ತು, ಬೆವರಿಗಿಂತ ಹೆಚ್ಚು ನೀರು ಕುಡಿದದ್ದೇ ಮುಖ್ಯ ಕಾರಣ. ಬಾಯಾರಿಕೆ ಆದಷ್ಟು ಕುಡಿ, ಜೊತೆಗೆ ಉಪ್ಪಿರುವುದು ತಿನ್ನು ಎಂದೆ. ಬಿಸಿಲಲ್ಲಿ ದುಡಿಯುವ ನಮ್ಮವರಿಗೆ ಮಾತ್ರ ನಾನು ಹಾಗೆ ಹೇಳುವುದಿಲ್ಲ. ಅಲ್ಲಿ ಬಾಯಾರುವ ತನಕ ಕಾಯಬಾರದು. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕುಡಿಯಬೇಕು, ಮಜ್ಜಿಗೆಗೆ ಉಪ್ಪು ಹಾಕಿ ಒಯ್ದರೆ ಇನ್ನೂ ಒಳ್ಳೆಯದು. ಬಿಪಿ ಇದ್ದವರು ಉಪ್ಪಿನ ವಿಷಯ ವೈದ್ಯರನ್ನು ಕೇಳಿ. ಮೂತ್ರ ಗಾಢ ಚಹಾದ ಬಣ್ಣಕ್ಕೆ ತಿರುಗಿದರೆ ಕೆಲಸ ಬಿಟ್ಟು ಆಸ್ಪತ್ರೆಗೆ ಬನ್ನಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಿನ ಕೆಲಸ ನಿಷಿದ್ಧ. ಆ ಎರಡೂವರೆ ಗಂಟೆ ನಿಮ್ಮ ಹಕ್ಕು. ಮೊಬೈಲ್ ನೋಡುತ್ತಾ ಕಳೆಯದೆ ಮಲಗಿ.

ಹನ್ನೊಂದೂವರೆಗೆ ಅಕ್ಕ 32 ಮುಗಿಸಿ ಬಂದಳು. ಕೆನ್ನೆಯ ಮೇಲೆ ಉಪ್ಪಿನ ಗೆರೆ. ನೆಲದ ಮೇಲೇ ಕೂತು ಖರ್ಜೂರ ಕೇಳಿದಳು.

ಭಾನುವಾರ ಮೂವರೂ ಗೋಲ್ಡನ್ ಗೇಟ್ ಸೇತುವೆಗೆ ನಡೆಯಲು ಹೋದೆವು. 1937ರ ಆ ಕೆಂಪು ಸೇತುವೆ 2.7 ಕಿಲೋಮೀಟರ್ ಉದ್ದ. ಮ್ಯಾರಥಾನ್ ದಾರಿ ಇದರ ಮೇಲೆ ಹೋಗಿ ಬರುತ್ತದೆ. ಮಂಜಿನಲ್ಲಿ ಕಂಬದ ತುದಿಯೂ ಕಾಣಲಿಲ್ಲ, ಸಮುದ್ರವೂ ಕಾಣಲಿಲ್ಲ. ಕುಂಟುತ್ತಾ ಅರ್ಧಕ್ಕೆ ಹೋಗಿ ಬಂದೆ.

ಮ್ಯಾರಥಾನ್ ದಿನ ನಾನು ವಾಪಸ್ಸು ಕೌಂಟರಿನಲ್ಲಿದ್ದೆ, ರಾತ್ರಿ ಪಾಳಿ. ಹನ್ನೊಂದರ ಹತ್ತಿರ ಫೋನ್ ಗುಂಯ್ ಎಂದಿತು. ಕೊರಳಲ್ಲಿ ಪದಕ ಹಾಕಿಕೊಂಡ ಅಕ್ಕನ ಫೋಟೋ, ಕೆಳಗೆ "5 ಗಂಟೆ 21 ನಿಮಿಷ. ಮಾತ್ರೆ ಸೊನ್ನೆ." ಉತ್ತರ ಬರೆಯುವಷ್ಟರಲ್ಲಿ ಗಾಜಿನ ಆಚೆ ಒಬ್ಬರು ಚೀಟಿ ನೀಡಿದರು. ಸೊಂಟನೋವು, ಡೈಕ್ಲೊಫೆನಾಕ್, ಐದು ದಿನ. ಹಿಂದೆ ಏಳೆಂಟು ಟೋಕನ್ ಕಾಯುತ್ತಿದ್ದವು. ಫೋನ್ ಮಗುಚಿಟ್ಟು, "ಎಲ್ಲಿ ಕೆಲಸ ನಿಮ್ದು? ಬಿಸಿಲಲ್ಲಾ, ಒಳಗಾ?" ಎಂದು ಕೇಳಿದೆ.